ರಮ್ ಕೊನೆಗೆ ಬರಲಿ

ಡಿಸೆಂಬರ್ ಕೊನೆಯ ರಾತ್ರಿಗಳಲ್ಲಿ ಬೆಂಗಳೂರಿನ ಉಷ್ಣಾಂಶ 15–16 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುತ್ತದೆ. ಈ ಊರಿನ ದಾಖಲೆ ಚಳಿ 1884ರ ಜನವರಿ 13ರಂದು ಬಿದ್ದ 7.8 ಡಿಗ್ರಿ. ಉತ್ತರದವರಿಗೆ ಇದು ಚಳಿಗಾಲವೆಂದೇ ಅನ್ನಿಸಲಿಕ್ಕಿಲ್ಲ. ಆದರೆ ಕಲ್ಲು ಹಾಸಿದ ನೆಲ, ಗಾಳಿಯಾಡುವ ಕಿಟಕಿಗಳ ನಮ್ಮ ಮನೆಗಳಲ್ಲಿ ಕೋಣೆ ಬಿಸಿ ಮಾಡುವ ಏರ್ಪಾಟಿಲ್ಲ. ತಾರಸಿಯ ಮೇಲೆ ನಾಲ್ಕು ಜನ ಸೇರಿದರೆ ಕೈಗೆ ಬಿಸಿ ಲೋಟ ಬೇಕೆನ್ನಿಸುತ್ತದೆ. ಹಾಟ್ ಚಾಕಲೇಟಿಗೆ ಸ್ವಲ್ಪ ರಮ್ ಬೆರೆಸಿ ಕುಡಿಯುವುದು ಹೀಗೆ ಈಚೆಗೆ ಅನೇಕರ ಮನೆಯಲ್ಲಿ ರೂಢಿಗೆ ಬಂದಿದೆ. ಮಾಡುವಾಗ ಮಾತ್ರ ಹಾಲು, ಚಾಕಲೇಟು, ರಮ್ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕುದಿಸಿಬಿಡುತ್ತಾರೆ. ಹೀಗೆ ಮಾಡಿದರೆ ರುಚಿಯೂ ಕೆಡುತ್ತದೆ, ಅಪಾಯವೂ ಇದೆ. ಒಲೆ ಆರಿಸಿ, ಚಾಕಲೇಟನ್ನು ಲೋಟಕ್ಕೆ ಬಗ್ಗಿಸಿದ ಮೇಲೆ ರಮ್ ಸೇರಬೇಕು. ಏಕೆಂಬುದಕ್ಕೆ ರಸಾಯನಶಾಸ್ತ್ರ ಸ್ಪಷ್ಟವಾದ ಕಾರಣಗಳನ್ನೇ ಕೊಡುತ್ತದೆ.

ಚಾಕಲೇಟಿಗೂ ಮದ್ಯಸಾರಕ್ಕೂ ಇರುವ ನಂಟು ಬಹಳ ಹಳೆಯದು. ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತಾರೆ. ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟ್ ಕಾರ್ಖಾನೆ ಆರಂಭವಾಯಿತು. ಕೋಕೋ ಕಾಯಿ ಒಡೆದರೆ ಒಳಗೆ ಬಿಳಿಯ ಲೋಳೆಯಂಥ ತಿರುಳು, ಅದರಲ್ಲಿ ಹುದುಗಿದ ಬೀಜಗಳು. ತಿರುಳು ಸಿಹಿ-ಹುಳಿ, ಬೀಜವನ್ನು ಹಸಿಯಾಗಿ ಅಗಿದರೆ ಬರೀ ಒಗರು, ಕಹಿ. ಚಾಕಲೇಟಿನ ಸುಳಿವೂ ಅದರಲ್ಲಿ ಇರುವುದಿಲ್ಲ.

ತಿರುಳಿನ ಸಮೇತ ಬೀಜಗಳನ್ನು ರಾಶಿ ಹಾಕಿ ಅಥವಾ ಮರದ ಪೆಟ್ಟಿಗೆಯಲ್ಲಿ ತುಂಬಿ ಐದಾರು ದಿನ ಹುಳಿಯಲು ಬಿಟ್ಟಾಗ ಆ ಸುಳಿವು ಹುಟ್ಟತೊಡಗುತ್ತದೆ. ಮೊದಲು ಯೀಸ್ಟ್‌ಗಳು ತಿರುಳಿನ ಸಕ್ಕರೆಯನ್ನು ತಿಂದು ಮದ್ಯಸಾರ, ಅಂದರೆ ಎಥನಾಲ್ ಮಾಡುತ್ತವೆ. ತಿರುಳು ಕರಗಿ ಸೋರಿ, ರಾಶಿಯನ್ನು ತಿರುವಿ ಹಾಕಿದಾಗ ಒಳಗೆ ಗಾಳಿ ಹೋಗುತ್ತದೆ. ಆಗ ಬೇರೆ ಬ್ಯಾಕ್ಟೀರಿಯಾಗಳು ಆ ಎಥನಾಲನ್ನು ಅಸಿಟಿಕ್ ಆಮ್ಲವಾಗಿ, ಅಂದರೆ ವಿನೆಗರ್‌ನ ಹುಳಿಯಾಗಿ ಬದಲಾಯಿಸುತ್ತವೆ. ಈ ಕ್ರಿಯೆಯಲ್ಲಿ ಶಾಖ ಹೊರಬಿದ್ದು ರಾಶಿ 45–50 ಡಿಗ್ರಿಗೆ ಏರುತ್ತದೆ. ಹುಳಿ, ಶಾಖ, ಮದ್ಯಸಾರ ಮೂರೂ ಸೇರಿ ಮೊಳೆಯಬೇಕಿದ್ದ ಬೀಜವನ್ನು ಕೊಲ್ಲುತ್ತವೆ. ಒಳಗಿನ ಕೋಶಗಳು ಒಡೆದು ಕಿಣ್ವಗಳು ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ, ಸಕ್ಕರೆಯನ್ನು ಸರಳ ಸಕ್ಕರೆಗಳಾಗಿ ತುಂಡರಿಸುತ್ತವೆ. ಮುಂದೆ ಬೀಜ ಹುರಿದಾಗ ಈ ಎರಡು ತುಂಡುಗಳು ಒಂದಕ್ಕೊಂದು ಬೆರೆತು ಚಾಕಲೇಟಿನ ಪರಿಮಳ ಏಳುತ್ತದೆ. ಹುಳಿಯದ ಬೀಜವನ್ನು ಎಷ್ಟು ಹುರಿದರೂ ಆ ಪರಿಮಳ ಬರದು. ಮದ್ಯ ಮುಟ್ಟದವರು ತಿನ್ನುವ ಚಾಕಲೇಟಿನ ಹಿಂದೆಯೂ ಕೆಲವು ದಿನಗಳ ಮಟ್ಟಿಗೆ ಮದ್ಯಸಾರ ಇದ್ದೇ ಇರುತ್ತದೆ ಎನ್ನುವುದು ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಸಂಗತಿ. ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ ಸಿಕ್ಕ, ಕ್ರಿಸ್ತಪೂರ್ವ 1100ರಷ್ಟು ಹಳೆಯ ಮಡಕೆಗಳಲ್ಲಿ ಕೋಕೋದ ಅಂಶ ಪತ್ತೆಯಾಗಿದೆ. ಆ ಜನ ಮೊದಲು ಕುಡಿದದ್ದು ಹುಳಿಸಿದ ಕೋಕೋ ತಿರುಳಿನ ಪಾನೀಯವೇ ಇರಬೇಕು ಎಂದು 2007ರಲ್ಲಿ ಆ ಸಂಶೋಧನೆ ಪ್ರಕಟಿಸಿದವರು ಊಹಿಸಿದ್ದಾರೆ.

ಇನ್ನು ಅಡುಗೆಮನೆಯ ಕೆಲಸ. ಅಂಗಡಿಯಲ್ಲಿ ಸಿಗುವ ಡ್ರಿಂಕಿಂಗ್ ಚಾಕಲೇಟ್ ಪುಡಿಯಲ್ಲಿ ಸಕ್ಕರೆಯದೇ ದೊಡ್ಡ ಪಾಲು. ಅದನ್ನು ಬಿಟ್ಟು ಸಕ್ಕರೆ ಇಲ್ಲದ ಕೋಕೋ ಪುಡಿಯನ್ನೂ ಒಂದಿಷ್ಟು ಡಾರ್ಕ್ ಚಾಕಲೇಟನ್ನೂ ತೆಗೆದುಕೊಳ್ಳುವುದು ಲೇಸು. ಒಂದು ಲೋಟಕ್ಕೆ 200 ಮಿಲಿಲೀಟರ್ ಹಾಲು, ಎರಡು ಟೀ ಚಮಚ ಕೋಕೋ ಪುಡಿ, 25 ಗ್ರಾಂ ಚಾಕಲೇಟು, ರುಚಿಗೆ ತಕ್ಕಷ್ಟು ಸಕ್ಕರೆ, ಒಂದು ಚಿಟಿಕೆ ಉಪ್ಪು. ಕೋಕೋ ಪುಡಿ ಹಾಲಿನಲ್ಲಿ ಕರಗುವ ವಸ್ತುವಲ್ಲ, ತೇಲಾಡುವ ನುಣ್ಣನೆಯ ಕಣಗಳು ಅಷ್ಟೆ. ಅದರಲ್ಲಿ ಕೊಬ್ಬಿದೆ, ಪಿಷ್ಟವೂ ಇದೆ. ಬಿಸಿ ಹಾಲಿಗೆ ನೇರವಾಗಿ ಸುರಿದರೆ ಹೊರಗಿನ ಕಣಗಳು ನೆನೆದು ಅಂಟಾಗಿ, ಒಳಗಿನ ಪುಡಿ ಒಣಗಿದ್ದಂತೆಯೇ ಗಂಟು ಕಟ್ಟುತ್ತದೆ. ಅಂಬಲಿಗೆ ರಾಗಿ ಹಿಟ್ಟನ್ನು ಕದಡಿಕೊಳ್ಳುವಂತೆ, ಪುಡಿಗೆ ಸಕ್ಕರೆ ಬೆರೆಸಿ ಎರಡು ಚಮಚ ಹಾಲಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿಕೊಳ್ಳಬೇಕು. ಆಮೇಲೆ ಉಳಿದ ಹಾಲು ಸೇರಿಸಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಕುದಿಸಿದರೆ ಪಿಷ್ಟ ಉಬ್ಬಿ ಪಾನೀಯಕ್ಕೆ ಮೈ ಬರುತ್ತದೆ. ಉರಿ ಆರಿಸಿ ಚಾಕಲೇಟಿನ ಚೂರುಗಳನ್ನು ಹಾಕಬೇಕು. ಕೋಕೋ ಬೆಣ್ಣೆ 34 ಡಿಗ್ರಿಗೇ ಕರಗುವುದರಿಂದ ಅದಕ್ಕೆ ಒಲೆಯ ಅಗತ್ಯವಿಲ್ಲ. ಕೊನೆಗೆ ಕಡೆಗೋಲಿನಿಂದ ಚೆನ್ನಾಗಿ ಕಡೆದರೆ ಕೊಬ್ಬು ಹನಿಹನಿಯಾಗಿ ಚದುರುತ್ತದೆ, ಮೇಲೆ ನೊರೆ ಕಟ್ಟುತ್ತದೆ, ಹಾಲಿನ ಕೆನೆ ಪದರ ಬೇಗ ಕಟ್ಟುವುದಿಲ್ಲ.

ಕೆಲವರು ಚಾಕಲೇಟನ್ನು ಬೇರೆಯಾಗಿ ಕರಗಿಸಿ ಅದಕ್ಕೆ ಒಂದು ಚಮಚ ರಮ್ ಹಾಕುತ್ತಾರೆ. ಕ್ಷಣದಲ್ಲೇ ಅದು ಮರಳು ಮರಳಾದ ಮುದ್ದೆಯಾಗುತ್ತದೆ. ಕರಗಿದ ಚಾಕಲೇಟಿನಲ್ಲಿ ಸಕ್ಕರೆಯ ಒಣ ಕಣಗಳು ಕೊಬ್ಬಿನಲ್ಲಿ ತೇಲುತ್ತಿರುತ್ತವೆ. ರಮ್ಮಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ. ಆ ನೀರು ಸಕ್ಕರೆಯನ್ನು ಒದ್ದೆ ಮಾಡಿ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಗಾಬರಿಯಾಗಿ ಚೆಲ್ಲಬೇಕಿಲ್ಲ. ಬಿಸಿ ಹಾಲನ್ನು ಧಾರಾಳವಾಗಿ ಸೇರಿಸಿ ಕಡೆದರೆ ಸರಿಹೋಗುತ್ತದೆ.

ಮದ್ಯ ಹಾಕಿದರೆ ಹಾಲು ಒಡೆಯುವುದಿಲ್ಲವೇ ಎಂಬ ಭಯ ಸಹಜ. ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ ಪುಟ್ಟ ಗೋಲಿಗಳ ರೂಪದಲ್ಲಿದೆ. ಪ್ರತಿ ಗೋಲಿಯ ಮೈಮೇಲೂ ಋಣ ವಿದ್ಯುದಂಶ ಹೊತ್ತ ಕೂದಲಿನಂಥ ಎಳೆಗಳಿವೆ. ಅವು ಗೋಲಿಗಳನ್ನು ಒಂದರಿಂದೊಂದು ದೂರ ಇಡುತ್ತವೆ. ಹುಳಿ ಆ ವಿದ್ಯುದಂಶವನ್ನು ಅಳಿಸುತ್ತದೆ, ಗೋಲಿಗಳು ಕೂಡಿಕೊಳ್ಳುತ್ತವೆ, ಹಾಲು ಒಡೆಯುತ್ತದೆ. ಹೆಚ್ಚಿನ ಪ್ರಮಾಣದ ಮದ್ಯಸಾರವೂ ಆ ಎಳೆಗಳನ್ನು ಮುದುರಿಸಬಲ್ಲದು. ಡೈರಿಗಳಲ್ಲಿ ಹಾಲಿನ ತಾಜಾತನ ನೋಡಲು ಮಾಡುವ ಆಲ್ಕೋಹಾಲ್ ಪರೀಕ್ಷೆ ಇದೇ ತತ್ವದ್ದು: ಹಾಲಿಗೆ ಅಷ್ಟೇ ಅಳತೆಯ ಶೇಕಡ 68ರ ಎಥನಾಲ್ ಬೆರೆಸಿ ಗರಣೆ ಕಟ್ಟುತ್ತದೆಯೇ ಎಂದು ನೋಡುತ್ತಾರೆ. ಹುಳಿಯತೊಡಗಿದ ಹಾಲು ಕಟ್ಟುತ್ತದೆ, ಒಳ್ಳೆಯ ಹಾಲು ತಡೆದುಕೊಳ್ಳುತ್ತದೆ. ಅಂದರೆ ಮಿಶ್ರಣದ ಮೂರನೇ ಒಂದು ಪಾಲು ಎಥನಾಲ್ ಆದರೂ ತಾಜಾ ಹಾಲು ಜಗ್ಗುವುದಿಲ್ಲ. ನಮ್ಮ ಲೋಟದಲ್ಲಿ ಎಷ್ಟಿದೆ? ಭಾರತದ ರಮ್, ವಿಸ್ಕಿ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇಕಡ 42.8 ಮದ್ಯಸಾರ. 200 ಮಿಲಿ ಹಾಲಿಗೆ 30 ಮಿಲಿಯ ಒಂದು ಸಣ್ಣ ಪೆಗ್ ಹಾಕಿದರೆ ಒಟ್ಟು ಪಾನೀಯದಲ್ಲಿ ಶೇಕಡ ಐದೂವರೆ ಚಿಲ್ಲರೆ. ಹಾಲು ಒಡೆದರೆ ರಮ್ಮನ್ನು ದೂರದೆ ಹಾಲಿನ ಪ್ಯಾಕೆಟ್ಟಿನ ದಿನಾಂಕ ನೋಡಬೇಕು. ರಮ್ಮಿನ ಜೊತೆಗೆ ಹೊಂದುತ್ತದೆಂದು ಸಕ್ಕರೆಯ ಬದಲು ಬೆಲ್ಲ ಹಾಕಿ ಕುದಿಸಿದ್ದರೂ ಹೀಗಾಗಬಹುದು. ಬೆಲ್ಲದ ಪಾಯಸ ಮಾಡುವವರಿಗೆ ಇದು ಗೊತ್ತು. ರಮ್ ಕಬ್ಬಿನ ಕಾಕಂಬಿಯಿಂದಲೇ ಆಗುವುದರಿಂದ ಬೆಲ್ಲದ ಜೊತೆ ಅದರ ರುಚಿ ನಿಜಕ್ಕೂ ಕೂಡುತ್ತದೆ. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಿದರಾಯಿತು.

ವೈನ್ ಬೇರೆಯೇ ಕಥೆ. ನಂದಿ ಬೆಟ್ಟದ ಸುತ್ತಮುತ್ತ ತಯಾರಾಗುವ ಕೆಂಪು ವೈನಿನ ಮದ್ಯಸಾರ ರಮ್ಮಿಗಿಂತ ಎಷ್ಟೋ ಕಡಿಮೆ, ಆದರೆ ಅದು ಹುಳಿ. ಬಿಸಿ ಹಾಲಿಗೆ ಬಿದ್ದರೆ ಒಡೆದೇ ಬಿಡುತ್ತದೆ. ವೈನ್ ಬೇಕೆನ್ನುವವರು ಚಾಕಲೇಟನ್ನು ಹಾಲಿನ ಬದಲು ನೀರಿನಲ್ಲೇ ಕಾಯಿಸಿಕೊಳ್ಳಲಿ. ಕಿತ್ತಳೆಯ ವಾಸನೆ ಬೇಕಾದವರು ರಸ ಹಿಂಡದೆ ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ತುರಿದು ಹಾಕಲಿ. ಪರಿಮಳವೆಲ್ಲ ಸಿಪ್ಪೆಯ ಎಣ್ಣೆಯಲ್ಲಿದೆ, ಹುಳಿಯೆಲ್ಲ ರಸದಲ್ಲಿದೆ.

ಈಗ ಕುದಿಸುವ ವಿಚಾರ. ಶುದ್ಧ ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಹಾಗಾದರೆ ಹಾಲು ಕುದಿಯುವಷ್ಟರಲ್ಲಿ ಮದ್ಯಸಾರ ಪೂರ್ತಿ ಹಾರಿಹೋಗಬೇಕಲ್ಲ ಎಂದು ಅನೇಕರು ನಂಬುತ್ತಾರೆ. ನೀರಿನೊಡನೆ ಬೆರೆತ ಎಥನಾಲ್ ಹಾಗೆ ಒಮ್ಮೆಲೇ ಬಿಟ್ಟುಹೋಗುವುದಿಲ್ಲ; ಎರಡೂ ಒಟ್ಟಿಗೆ ಆವಿಯಾಗುತ್ತವೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಕುದಿಯುವ ದ್ರವಕ್ಕೆ ಮದ್ಯ ಬೆರೆಸಿ ತಕ್ಷಣ ಇಳಿಸಿದರೆ ಶೇಕಡ 85 ಉಳಿಯುತ್ತದೆ, ಹದಿನೈದು ನಿಮಿಷ ಬೇಯಿಸಿದರೆ 40, ಒಂದು ಗಂಟೆ ಬೇಯಿಸಿದರೂ 25. ಚೆನ್ನಾಗಿ ಕುದಿಸಿದ್ದೇವೆ, ಮಕ್ಕಳಿಗೂ ಕೊಡಬಹುದು ಎನ್ನುವವರು ಈ ಅಂಕಿಗಳನ್ನು ದಯವಿಟ್ಟು ಗಮನಿಸಬೇಕು. ಇತ್ತ ಮೊದಲು ಹಾರುವುದು ರಮ್ಮಿನ ಲಘುವಾದ ಹಣ್ಣಿನ ಪರಿಮಳಗಳು. ಕುದಿಸುವವರಿಗೆ ನಶೆ ಉಳಿದು ಸೊಗಸು ಹೋಗುತ್ತದೆ.

ಬೆಂಕಿಯ ಮಾತಂತೂ ಇದ್ದೇ ಇದೆ. ಶೇಕಡ 40ರ ಮದ್ಯದ ಮೇಲಿನ ಆವಿ ಸುಮಾರು 26 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಭಾರವಾದ್ದರಿಂದ ಪಾತ್ರೆಯ ಅಂಚಿನಿಂದ ಬರ್ನರಿನ ಕಡೆಗೇ ಇಳಿಯುತ್ತದೆ. ಉರಿಯುವ ಗ್ಯಾಸ್ ಒಲೆಯ ಮೇಲೆ ಬಾಟಲಿಯಿಂದ ನೇರವಾಗಿ ಎಂದೂ ಸುರಿಯಬಾರದು.

75 ಡಿಗ್ರಿಯ 200 ಮಿಲಿ ಚಾಕಲೇಟಿಗೆ ಕೋಣೆಯ ಉಷ್ಣಾಂಶದ 30 ಮಿಲಿ ರಮ್ ಬೆರೆತರೆ ಮಿಶ್ರಣ 68 ಡಿಗ್ರಿಗೆ ಬರುತ್ತದೆ, ಲೋಟದ ತಣ್ಣನೆಯ ಮೈ ಅದನ್ನು ಇನ್ನಷ್ಟು ಇಳಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುವಂಥವು ಎಂದು ವರ್ಗೀಕರಿಸಿತು. ಮದ್ಯ ಅದೇ ಸಂಸ್ಥೆಯ ಖಚಿತ ಕಾರಣಗಳ ಪಟ್ಟಿಯಲ್ಲೇ ಇದೆ. ಎರಡೂ ಒಂದೇ ಲೋಟದಲ್ಲಿ ಇರುವಾಗ ಐದು ನಿಮಿಷ ಆರಲು ಬಿಡುವುದು ನನ್ನ ದೃಷ್ಟಿಯಲ್ಲಿ ಕಡ್ಡಾಯ. ಗಂಟಲಿಗೂ ಅದು ಹಿತ. ನಾಲಿಗೆ, ಗಂಟಲಿನ ನರಗಳಲ್ಲಿ ಶಾಖವನ್ನೂ ಮೆಣಸಿನಕಾಯಿಯ ಖಾರವನ್ನೂ ಗುರುತಿಸುವ ಒಂದು ಗ್ರಾಹಕವಿದೆ. ಸಾಮಾನ್ಯವಾಗಿ ಅದು 42 ಡಿಗ್ರಿಯ ಹತ್ತಿರ ಎಚ್ಚರಗೊಳ್ಳುತ್ತದೆ. ಎಥನಾಲ್ ಆ ಮಟ್ಟವನ್ನು 34ರ ಹತ್ತಿರಕ್ಕೆ ಇಳಿಸುತ್ತದೆ. ತಣ್ಣನೆಯ ರಮ್ ಕೂಡ ಗಂಟಲು ಸುಡುವುದು ಇದರಿಂದಲೇ.

ಹಾಗಾದರೆ ರಮ್ ಮೈ ಬೆಚ್ಚಗೆ ಮಾಡುತ್ತದೆಯೇ? ಅನ್ನಿಸುವುದು ಹೌದು. ಮದ್ಯಸಾರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಡಲಿನ ಬಿಸಿ ರಕ್ತ ಚರ್ಮಕ್ಕೆ ಬಂದು, ಅಲ್ಲಿನ ನರಗಳು ಬೆಚ್ಚಗಾಯಿತೆಂದು ಹೇಳುತ್ತವೆ. ಅದೇ ಹೊತ್ತಿಗೆ ಆ ಶಾಖ ತಾರಸಿಯ ಗಾಳಿಗೆ ಸೋರುತ್ತದೆ. ಲೋಟದಲ್ಲಿ ನಿಜವಾದ ಬಿಸಿಯನ್ನೂ ಶಕ್ತಿಯನ್ನೂ ಕೊಡುವವು ಹಾಲು, ಚಾಕಲೇಟು. ರಮ್ಮಿನ ಕೆಲಸ ಪರಿಮಳದ್ದು: ಓಕ್ ಪೀಪಾಯಿಯಲ್ಲಿ ಮಾಗಿದ ರಮ್ ಮತ್ತು ವಿಸ್ಕಿಯಲ್ಲಿ ಮರದಿಂದ ಬಂದ ವೆನಿಲಿನ್ ಇರುತ್ತದೆ. ಚಾಕಲೇಟಿಗೂ ವೆನಿಲ್ಲಾ ಬೆರೆಸುವ ರೂಢಿ ಇರುವುದರಿಂದ ಎರಡೂ ನಾಲಿಗೆಗೆ ಪರಿಚಿತರಂತೆ ಕೂಡುತ್ತವೆ. ಇದಕ್ಕೆ ಒಂದು ಸಣ್ಣ ಪೆಗ್ ಧಾರಾಳ ಸಾಕು.

ಆ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಎಥನಾಲ್ ಇದೆ. ಶೇಕಡ 17ರ ಕ್ರೀಮ್ ಲಿಕ್ಕರ್ (ಕೆನೆ, ಸಕ್ಕರೆ ಬೆರೆತ ಸಿಹಿ ಮದ್ಯ) ಹಾಕುವುದಾದರೆ ಅಷ್ಟೇ ಎಥನಾಲಿಗೆ 75 ಮಿಲಿ ಬೇಕು. ಸಕ್ಕರೆ ಬೇರೆ ಹಾಕಬೇಕಿಲ್ಲ. ನಮ್ಮ ಕಾನೂನಿನಲ್ಲಿ ವಾಹನ ಓಡಿಸುವವರ ರಕ್ತದ ಮಿತಿ 100 ಮಿಲಿಗೆ 30 ಮಿಲಿಗ್ರಾಂ. 60 ಕಿಲೋ ತೂಕದ ಗಂಡಸಿಗೆ ಒಂದೇ ಸಣ್ಣ ಪೆಗ್ ರಕ್ತದ ಮದ್ಯಸಾರವನ್ನು 25ರ ಹತ್ತಿರ ಒಯ್ಯಬಲ್ಲದು. ಅದೇ ತೂಕದ ಹೆಂಗಸಿಗೆ 30ರ ಅಂಚಿಗೇ. ಸಿಹಿ, ಕೊಬ್ಬು, ಕೋಕೋ ಸೇರಿ ಮದ್ಯದ ರುಚಿಯನ್ನು ಮರೆಮಾಡುವುದರಿಂದ ಎರಡನೆಯ ಲೋಟ ಗೊತ್ತಾಗದೆ ಇಳಿಯುತ್ತದೆ. ಬೈಕಿನಲ್ಲಿ ಬಂದವರಿಗೆ ರಮ್ ಇಲ್ಲದ ಲೋಟವೇ ಸರಿ.

ಹತ್ತು ಜನರ ಕೂಟಕ್ಕೆ ಎರಡು ಲೀಟರ್ ಹಾಲಿನಲ್ಲಿ ಚಾಕಲೇಟ್ ಮಾಡಿ, ಮದ್ಯ ಸೇರಿಸದೆ ದೊಡ್ಡ ಫ್ಲಾಸ್ಕಿಗೆ ತುಂಬಿಡಬೇಕು. ಪಕ್ಕದಲ್ಲಿ ಬಾಟಲಿ, ಜೊತೆಗೆ 30 ಮಿಲಿಯ ಅಳತೆ ಲೋಟ. ಮಕ್ಕಳು, ಬಸುರಿಯರು, ಔಷಧಿ ತೆಗೆದುಕೊಳ್ಳುವವರು, ಮದ್ಯ ಬೇಡವೆನ್ನುವವರು, ಬೇಕೆನ್ನುವವರು ಎಲ್ಲರೂ ಒಂದೇ ಫ್ಲಾಸ್ಕಿನಿಂದ ಬಗ್ಗಿಸಿಕೊಳ್ಳಬಹುದು. ಯಾರ ಲೋಟದಲ್ಲಿ ಏನಿದೆ ಎಂದು ಯಾರೂ ವಿಚಾರಿಸಬೇಕಿಲ್ಲ. ರಮ್ ಬೇಡದ ದೊಡ್ಡವರಿಗೆ ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಇಟ್ಟಿರಿ. ಹುರಿದ ಕಾಫಿಯಲ್ಲೂ ಹುರಿದ ಕೋಕೋದಲ್ಲೂ ಪೈರಜೀನ್ ಎಂಬ ಒಂದೇ ಜಾತಿಯ ಪರಿಮಳದ ಅಣುಗಳಿವೆ, ಹಾಗಾಗಿ ಡಿಕಾಕ್ಷನ್ ಬಿದ್ದ ಲೋಟದಲ್ಲಿ ಚಾಕಲೇಟು ಇನ್ನೂ ಗಾಢವಾಗುತ್ತದೆ.