ಕೇಳಿದ ಕೂಡಲೇ ಸ್ಟುಡಿಯೊ ಯಾವುದೆಂದು ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಹೆವಿ ಮೆಟಲ್ ಬ್ಯಾಂಡ್‌ಗಳೆಲ್ಲ ಹೆಚ್ಚುಕಡಿಮೆ ಅದೇ ಗಿಟಾರ್, ಬಾಸ್ (ತಗ್ಗು ಸ್ವರದ ಗಿಟಾರ್), ಡ್ರಮ್ಸ್ ಬಳಸುತ್ತವೆ. ಹಾಗಿದ್ದೂ ಬಲ್ಲವರು ಅರ್ಧ ನಿಮಿಷ ಕೇಳಿ 'ಇದು ಇಂಥವರ ಮಿಕ್ಸಿಂಗ್' (ಎಲ್ಲ ವಾದ್ಯಗಳ ದನಿಯನ್ನು ಹದವಾಗಿ ಬೆರೆಸುವ ಕೆಲಸ) ಎನ್ನುತ್ತಾರಲ್ಲ, ಹೇಗೆ?

ಉತ್ತರ: ಸಂಗೀತ ಕಚೇರಿಯಲ್ಲಿ ಮೃದಂಗದ ಮೈಕ್ ತುಸು ಏರಿದರೆ ವೀಣೆ ಮುಳುಗಿಹೋಗುವುದನ್ನು ನೀವು ಕೇಳಿರುತ್ತೀರಿ. ಮೆಟಲ್‌ನಲ್ಲಿ ಈ ಇಕ್ಕಟ್ಟು ಇನ್ನೂ ಹೆಚ್ಚು. ಒರಟು ದನಿಯ ಗಿಟಾರ್ ಸಿಕ್ಕ ಜಾಗವನ್ನೆಲ್ಲ ತಾನೇ ತುಂಬಿಕೊಳ್ಳುತ್ತದೆ. ಬಾಸ್‌ಗೂ, ಕಾಲಿನಿಂದ ಒದ್ದು ನುಡಿಸುವ ಕಿಕ್ ಡ್ರಮ್‌ಗೂ ಅದರಲ್ಲಿ ಪಾಲು ಬೇಕು. ಯಾರು ಎಷ್ಟು ಸರಿದುಕೊಳ್ಳಬೇಕೆಂದು ಧ್ವನಿಮುದ್ರಣದ ಉಸ್ತುವಾರಿ ಹೊತ್ತ ಪ್ರೊಡ್ಯೂಸರ್ ತೀರ್ಮಾನಿಸುತ್ತಾನೆ. ಅವನ ಗುರುತು ಸಿಗುವುದು ಅಲ್ಲೇ.

ಹೆವಿ ಮೆಟಲ್‌ನ ಒಂದು ಉಗ್ರ ಕವಲು ಡೆತ್ ಮೆಟಲ್. 1990ರಲ್ಲಿ ಬಂದ ಅದರ ಎರಡು ಆಲ್ಬಮ್‌ಗಳನ್ನು ನೋಡಿ. ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೊದಲ್ಲಿ ಥಾಮಸ್ ಸ್ಕೋಗ್ಸ್‌ಬರ್ಗ್ ಎಂಟೂಮ್ಡ್ ಬ್ಯಾಂಡಿನ 'ಲೆಫ್ಟ್ ಹ್ಯಾಂಡ್ ಪಾತ್' ಧ್ವನಿಮುದ್ರಿಸಿದರು. ಬಾಸ್ (Boss) ಎಂಬ ಕಂಪನಿಯ ಎಚ್ಎಂ-2 ಎಂಬ, ಗಿಟಾರ್ ದನಿಯನ್ನು ಒರಟಾಗಿಸುವ ಪುಟ್ಟ ಪೆಡಲ್‌ನ ಗುಂಡಿಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿದಾಗ ಬರುವ, ಮರ ಕೊಯ್ಯುವ ಗರಗಸದಂಥ ಗಿಟಾರ್ ದನಿಯೇ ಅಲ್ಲಿ ಯಜಮಾನ. ಉಳಿದದ್ದೆಲ್ಲ ಅದರ ಹೊಗೆಯೊಳಗಿನಿಂದ ಕೇಳಬೇಕು. ಅದೇ ವರ್ಷ ಫ್ಲಾರಿಡಾದ ಟ್ಯಾಂಪಾದಲ್ಲಿ, ಮಾರಿಸೌಂಡ್ ಸ್ಟುಡಿಯೊದಲ್ಲಿ, ಸ್ಕಾಟ್ ಬರ್ನ್ಸ್ ಅಬಿಚುಯರಿ ಬ್ಯಾಂಡಿನ 'ಕಾಸ್ ಆಫ್ ಡೆತ್' ಮಾಡಿದರು. ಅಲ್ಲಿ ಗಿಟಾರ್ ಬಿಗಿಯಾಗಿದೆ, ಅಂಚು ಕತ್ತರಿಸಿದಂತಿದೆ. ಕಿಕ್ ಡ್ರಮ್‌ಗೆ ಟಕ್ ಎನ್ನುವ ಗಟ್ಟಿ ಮೊನೆಯಿದೆ. ಈ ಮೊನೆ ಬರಿಯ ಅಲಂಕಾರವಲ್ಲ. ನಿಮಿಷಕ್ಕೆ 200 ಬೀಟ್ ವೇಗದಲ್ಲಿ ಬೀಟಿಗೆ ನಾಲ್ಕು ಒದೆತ ಎಂದರೆ ಸೆಕೆಂಡಿಗೆ 13ಕ್ಕೂ ಹೆಚ್ಚು ಪೆಟ್ಟು. ಕಿಕ್ ಬರೀ ಧಿಮ್ ಎಂದರೆ ಅವೆಲ್ಲ ಸೇರಿ ಒಂದೇ ಗುಡುಗಾಗುತ್ತವೆ.

ಎರಡರಲ್ಲಿ ನನ್ನ ಮನಸ್ಸು ಸ್ಟಾಕ್‌ಹೋಮ್ ಕಡೆಗೇ. ಅಲ್ಲಿ ಒಂದಿಷ್ಟು ಸ್ಪಷ್ಟತೆ ಹೋಗಿದೆ, ನಿಜ. ಆದರೆ ಭಯಕ್ಕೆ ಒಂದು ಊರು ಸಿಕ್ಕಿದೆ.

ಇನ್ನು ಕೆಲವು ಪ್ರೊಡ್ಯೂಸರ್‌ಗಳನ್ನು, ಅವರು ಏನನ್ನು ತೆಗೆದುಹಾಕಿದರು ಎಂಬುದರಿಂದಲೇ ಗುರುತಿಸಬಹುದು. ಹಿಪ್‌ಹಾಪ್‌ನಿಂದ ಬಂದ ರಿಕ್ ರೂಬಿನ್, ಸ್ಲೇಯರ್ ಬ್ಯಾಂಡಿನ 'ರೇನ್ ಇನ್ ಬ್ಲಡ್' (1986) ಆಲ್ಬಮ್‌ನಲ್ಲಿ ಆಗ ಎಲ್ಲರೂ ಧಾರಾಳವಾಗಿ ಸುರಿಯುತ್ತಿದ್ದ ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಕೇಳುವಂಥ ಅನುರಣನ) ಅನ್ನು ಬಹುಮಟ್ಟಿಗೆ ಕೈಬಿಟ್ಟರು. ಸ್ವರದ ಹಿಂದೆ ಎಳೆಯುವ ಬಾಲವಿಲ್ಲದ ಕಾರಣ ಆ ವೇಗದಲ್ಲೂ ಪ್ರತಿ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೆ.

ಒಂದು ಎಚ್ಚರಿಕೆ: ಎಲ್ಲ ಗುರುತೂ ಮಿಕ್ಸ್ ಮಾಡಿದವರದ್ದಲ್ಲ. ಮೆಟಾಲಿಕಾದ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' (1988) ಆಲ್ಬಮ್‌ನಲ್ಲಿ ಬಾಸ್ ಗಿಟಾರ್ ಇದೆಯೋ ಇಲ್ಲವೋ ಎನ್ನುವಷ್ಟು ಕ್ಷೀಣ. ಅದನ್ನು ತಗ್ಗಿಸಿದ್ದು ಬ್ಯಾಂಡಿನ ಬೇಡಿಕೆಯ ಮೇರೆಗೆ ಎಂದು ಮಿಕ್ಸ್ ಮಾಡಿದವರಲ್ಲಿ ಒಬ್ಬರಾದ ಸ್ಟೀವ್ ಥಾಂಪ್ಸನ್ ಹೇಳಿದ್ದಾರೆ.

ನೀವೂ ಕಲಿಯಬೇಕೆಂದಿದ್ದರೆ ಮೇಲಿನ ಎರಡು 1990ರ ಆಲ್ಬಮ್‌ಗಳನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಒಂದರ ಹಿಂದೊಂದು ಕೇಳಿ. ಮೊದಲ ಸಲ ಹಾಡನ್ನು ಮರೆತು ಕಿಕ್ ಡ್ರಮ್ ಒಂದನ್ನೇ ಹಿಂಬಾಲಿಸಿ. ಎರಡನೆಯ ಸಲ, ಗಿಟಾರ್ ನಿಂತ ಮರುಕ್ಷಣದಲ್ಲಿ ಏನು ಉಳಿಯುತ್ತದೆ ಎಂದು ಗಮನಿಸಿ.