ವಿದ್ಯಾರ್ಥಿವೇತನದ ದುಡ್ಡು ಹುಟ್ಟುವುದೆಲ್ಲಿ?

ಪಿಯುಸಿ ಫಲಿತಾಂಶ ಬಂದ ಸಂಜೆ ಬಡವರ ಮನೆಯಲ್ಲಿ ಲೆಕ್ಕ ಶುರುವಾಗುತ್ತದೆ. ಸರ್ಕಾರಿ ಕಾಲೇಜಿನ ಶುಲ್ಕ ಹೇಗೋ ಹೊಂದುತ್ತದೆ. ಪೇಟೆಯ ರೂಮಿನ ಬಾಡಿಗೆ, ಊಟ, ಪುಸ್ತಕ, ಮಗಳು ಕೆಲಸಕ್ಕೆ ಹೋಗದಿದ್ದರೆ ತಪ್ಪುವ ಕೂಲಿ ಎಲ್ಲ ಕೂಡಿದಾಗ ‘ಓದಿದ್ದು ಸಾಕು ಬಿಡವ್ವಾ’ ಎಂಬ ಮಾತು ಬರುತ್ತದೆ. ಈ ಮಾತು ಬಾರದಂತೆ ನೋಡಿಕೊಳ್ಳಲು ಕಂಪನಿ ಮತ್ತು ಉದ್ಯಮಿಗಳ ಪ್ರತಿಷ್ಠಾನಗಳು ಈಗ ದೊಡ್ಡ ಮೊತ್ತ ಇಡುತ್ತಿವೆ. ಊರಲ್ಲಿ ಎಲ್ಲವನ್ನೂ ‘ಸಿಎಸ್‌ಆರ್ ದುಡ್ಡು’, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಯೆಂದು ಕೊಡುವ ದುಡ್ಡು, ಎಂದುಬಿಡುತ್ತೇವೆ. ಆದರೆ ದುಡ್ಡಿನ ಮೂಲ ಒಂದೇ ಅಲ್ಲ. ಅದು ವಿದ್ಯಾರ್ಥಿಯ ಜೊತೆ ಎಷ್ಟು ದೂರ ನಡೆಯುತ್ತದೆ ಎಂಬುದು ಆ ಮೂಲದ ಮೇಲೆ ನಿಂತಿದೆ.

ನಮ್ಮಲ್ಲಿ ಮೊದಲಿದ್ದದ್ದು ವಾರಾನ್ನ, ಮಠದ ಪ್ರಸಾದ ನಿಲಯ, ಜಾತಿವಾರು ಹಾಸ್ಟೆಲ್. ಉದ್ಯಮದ ದುಡ್ಡು ಓದಿಗೆ ಬಂದ ಆರಂಭದ ದೊಡ್ಡ ಉದಾಹರಣೆ ಜಮ್‌ಶೆಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ನಿಧಿ. ವಿದೇಶಕ್ಕೆ ಓದಲು ಹೋಗುವವರಿಗೆ ಅದು ಸಾಲದ ರೂಪದಲ್ಲಿ ನೆರವಾಯಿತು. ಕೇರಳದ ಬಡ ದಲಿತ ಕುಟುಂಬದ ಕೆ. ಆರ್. ನಾರಾಯಣನ್ 1945ರಲ್ಲಿ ಲಂಡನ್ನಿಗೆ ಓದಲು ಹೋದದ್ದು ಟಾಟಾ ವಿದ್ಯಾರ್ಥಿವೇತನದಿಂದ. ಮುಂದೆ ಅವರು ರಾಷ್ಟ್ರಪತಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡ ಟಾಟಾ ಕನಸಿನ ಕೂಸು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು, 1909ರಲ್ಲಿ ಸಂಸ್ಥೆ ಹುಟ್ಟಿತು. ಇಂದಿಗೂ ಟಾಟಾ ಸಮೂಹದ ಮಾತೃ ಕಂಪನಿ ಟಾಟಾ ಸನ್ಸ್‌ನ ಸುಮಾರು 66% ಪಾಲು ದಾನಕ್ಕೆಂದೇ ಇರುವ ಟ್ರಸ್ಟ್‌ಗಳದ್ದು. ಅಂದರೆ ಅಲ್ಲಿ ದಾನಕ್ಕೆ ಪ್ರತಿ ವರ್ಷ ಯಾರ ಮನಸ್ಸೂ ಕರಗಬೇಕಿಲ್ಲ.

ಅಜೀಂ ಪ್ರೇಮ್‌ಜಿ ಹಿಡಿದದ್ದೂ ಇದಕ್ಕೆ ಹತ್ತಿರದ ದಾರಿ. 2019ರ ಹೊತ್ತಿಗೆ ವಿಪ್ರೊದ ಸುಮಾರು 67% ಷೇರುಗಳ ಆದಾಯ ಅವರ ದತ್ತಿಗೆ ಮೀಸಲಾಗಿತ್ತು. ಅವರ ಪ್ರತಿಷ್ಠಾನ ಈಶಾನ್ಯ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕಲಿತ ಪಾಠವನ್ನು ನಾನು ವಿಶೇಷವಾಗಿ ಗೌರವಿಸುತ್ತೇನೆ. ಮಕ್ಕಳ ಕಲಿಕೆಯನ್ನು ಪರೀಕ್ಷಿಸಿ, ಗುರಿ ಮುಟ್ಟಿದ ಶಾಲೆಗೆ ಬಹುಮಾನ ಕೊಡುವ ಯೋಜನೆಯನ್ನು ಅದು 2002ರಲ್ಲಿ ಆರಂಭಿಸಿತು. ಜೊತೆಗೆ ಕಂಪ್ಯೂಟರ್ ಮೂಲಕ ಕಲಿಸುವ ದೊಡ್ಡ ಪ್ರಯತ್ನವೂ ನಡೆಯಿತು. ಕೆಲವು ವರ್ಷಗಳ ನಂತರ ಕಂಪ್ಯೂಟರ್‌ನಿಂದ ನಿರೀಕ್ಷಿಸಿದ ಫಲ ಬರಲಿಲ್ಲವೆಂದು ಸಂಸ್ಥೆಯೇ ಬಹಿರಂಗವಾಗಿ ಹೇಳಿ, ಶಿಕ್ಷಕರ ಜೊತೆಗಿನ ನಿಧಾನದ ಕೆಲಸಕ್ಕೆ ಹೊರಳಿತು. ಹಾಗೆ ತಪ್ಪಿ ತಿದ್ದಿಕೊಳ್ಳಲು ವರ್ಷಗಳು ಬೇಕು. ಕೈಯಲ್ಲಿ ಬತ್ತಿಹೋಗದ ನಿಧಿ ಇದ್ದವರಿಗೆ ಅದು ಸಾಧ್ಯ.

ಮೂರನೆಯದು ಕಾನೂನಿನ ದುಡ್ಡು. ಇನ್ಫೋಸಿಸ್ ಪ್ರತಿಷ್ಠಾನ 1996ರಲ್ಲೇ ಹುಟ್ಟಿದ್ದರೂ ಬಹಳಷ್ಟು ಕಂಪನಿಗಳನ್ನು ಈ ಕಡೆ ತಂದದ್ದು 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. 2014ರ ಏಪ್ರಿಲ್ 1ರಿಂದ ಜಾರಿಯಾದ ಈ ನಿಯಮದಂತೆ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯೂ ಹಿಂದಿನ 3 ವರ್ಷಗಳ ಸರಾಸರಿ ಲಾಭದ 2% ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. ಕಂಪನಿ ಇರುವ ಸುತ್ತಮುತ್ತಲಿಗೆ ಆದ್ಯತೆ ಎಂದೂ ಕಾಯ್ದೆ ಹೇಳಿತು. ಹೀಗಾಗಿ ಕಂಪನಿಗಳು ಹೆಚ್ಚಿರುವಲ್ಲೇ ದುಡ್ಡೂ ಹೆಚ್ಚು ಸುರಿಯುತ್ತದೆ. ಬೆಂಗಳೂರಿಗೆ ಸಿಕ್ಕ ಭಾಗ್ಯ ಯಾದಗಿರಿಗೆ ಹೇಗೆ ಸಿಕ್ಕೀತು?

ಇನ್ನೊಂದು ತೊಡಕು ಮಾರ್ಚ್ 31. ಪದವಿಗೆ 3–4 ವರ್ಷ, ಕಂಪನಿಯ ಲೆಕ್ಕಕ್ಕೆ 1 ವರ್ಷ. ಆ ವರ್ಷದ ಗಡುವಿಗೆ ಬ್ಯಾಗು, ಲ್ಯಾಪ್‌ಟಾಪ್ ಹಂಚುವುದು ಸುಲಭ. 2021ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ‘ಮುಂದುವರಿಯುವ ಯೋಜನೆ’ಗಳಿಗೆ, ಆರಂಭದ ವರ್ಷ ಬಿಟ್ಟು 3 ವರ್ಷ ಅವಕಾಶ ಕೊಟ್ಟಿತು; ಉಳಿದ ದುಡ್ಡನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಇನ್ಫೋಸಿಸ್ ಪ್ರತಿಷ್ಠಾನ 2023ರಲ್ಲಿ ವಿಜ್ಞಾನ, ತಂತ್ರಜ್ಞಾನ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, 4 ವರ್ಷಗಳ ನೆರವು ಘೋಷಿಸಿತು. ನನ್ನ ದೃಷ್ಟಿಯಲ್ಲಿ ಆ ಮೊತ್ತಕ್ಕಿಂತ ‘4 ವರ್ಷ’ ಎಂಬುದೇ ಮುಖ್ಯ. ಅರ್ಜಿ ಹಾಕಿಸುವ ಉಪನ್ಯಾಸಕರು ಎರಡನೆಯ ವರ್ಷಕ್ಕೂ ಹಣ ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

2025–26ರಲ್ಲಿ ಕರ್ನಾಟಕ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸೇರಿ ‘ದೀಪಿಕಾ’ ವಿದ್ಯಾರ್ಥಿವೇತನ ತಂದವು. ಹತ್ತನೆಯ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ–ಕಾಲೇಜಿನಲ್ಲಿ ಮುಗಿಸಿ ಪದವಿ ಅಥವಾ ಡಿಪ್ಲೊಮಾ ಸೇರಿದ 37,000 ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಉದ್ದೇಶ ಅದರದ್ದು. ಹಣ ಬರುವುದು ಅವಳ ಬ್ಯಾಂಕ್ ಖಾತೆಗೇ, ಕೋರ್ಸ್ ಮುಗಿಯುವವರೆಗೆ.