ಜಾಮೀನಿಗೆ ಸೈನ್ ಹಾಕೋ ಮುಂಚೆ ಲಾಯರ್ ಯಾಕೆ: ಇಂಗ್ಲೆಂಡಲ್ಲಿ ಈ ನಿಯಮ ಬೆಳೆದ ಕಥೆ

ಬೇರೆಯವರ ಸಾಲಕ್ಕೆ ಜಾಮೀನು ನಿಲ್ಲೋದು ಬರೀ ಬಾಯಿಮಾತಲ್ಲಿ ಇದ್ರೆ ಸಾಲದು, ಬರಹದಲ್ಲಿರಬೇಕು ಅಂತ ಇಂಗ್ಲೆಂಡಲ್ಲಿ 1677ರಲ್ಲೇ ಕಾನೂನು ಬಂತು. ಸೈನ್ ಹಾಕಿದೋರಿಗೆ ಆ ಬರಹ ಅರ್ಥ ಆಗಿತ್ತಾ ಅನ್ನೋ ಪ್ರಶ್ನೆ ಮಾತ್ರ ಆಮೇಲೆ ಎಷ್ಟೋ ಕಾಲ ಅಲ್ಲೊಂದು ಇಲ್ಲೊಂದು ಕೇಸಲ್ಲಿ ಬಂದು ಹೋಗ್ತಿತ್ತು ಅಷ್ಟೇ.

1974ರಲ್ಲಿ ಬಂಡಿ (Bundy) ಅನ್ನೋರ ಕೇಸು ಬಂತು. ವಯಸ್ಸಾದ ರೈತ, ಮಗನ ಕಂಪನಿಗೆ ಜಾಮೀನು, ಆಸ್ತಿ ಅಂತ ಇದ್ದಿದ್ದು ಮನೆ ಒಂದೇ, ಬ್ಯಾಂಕಿನವರು ಫಾರಂ ತುಂಬಿಸ್ಕೊಂಡೇ ಮನೆಗೆ ಬಂದ್ರು, ಅವ್ರು ನಂಬಿ ಸೈನ್ ಹಾಕಿದ್ರು. ಹೊರಗಿನವರನ್ನ ಒಂದು ಮಾತು ಕೇಳಿ ಅಂತ ಬ್ಯಾಂಕ್ ಹೇಳಿರ್ಲಿಲ್ಲ, ಜಾಮೀನು ರದ್ದಾಯ್ತು.

ನಿಜವಾದ ತಿರುವು 1993ರ ಓಬ್ರಿಯನ್ ಕೇಸು. ಜಾಮೀನು 60 ಸಾವಿರ ಪೌಂಡಿಗೆ ಮಾತ್ರ, ಅದೂ ಮೂರು ವಾರಕ್ಕೆ ಅಂತ ಗಂಡ ಹೆಂಡತಿಗೆ ಹೇಳಿದ್ದ, ಆದ್ರೆ ಗಂಡನ ಕಂಪನಿಯ ಓವರ್‌ಡ್ರಾಫ್ಟ್ ಮಿತಿ ಇದ್ದಿದ್ದು 1,35,000. ಆಕೆಗೆ ವಿವರಿಸಿ ಹೇಳಿ ಅಂತ ಬ್ರಾಂಚಿಗೆ ಸೂಚನೆ ಇತ್ತು, ಯಾರೂ ಹೇಳ್ಲಿಲ್ಲ, ಆಕೆ ಓದದೇ ಸೈನ್ ಹಾಕಿದ್ರು. ಹೆಂಡತಿ ತನಗೇನೂ ಲಾಭ ಇಲ್ದೇ ಗಂಡನ ಸಾಲಕ್ಕೆ ನಿಂತ್ರೆ ಬ್ಯಾಂಕ್ ಹುಷಾರಾಗ್ಬೇಕು, ಆಕೆಯನ್ನ ಒಬ್ಬರನ್ನೇ ಕೂರಿಸಿ ಅಪಾಯ ಹೇಳ್ಬೇಕು, ಸ್ವತಂತ್ರ ಕಾನೂನು ಸಲಹೆ ತಗೊಳ್ಳಿ ಅನ್ಬೇಕು ಅಂತ ಆಗ ಅಲ್ಲಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳ್ತು.

ಬ್ಯಾಂಕುಗಳು ತಾವೇ ಕೂತು ಹೇಳೋ ಬದಲು ಕೆಲಸವನ್ನ ಲಾಯರ್‌ಗೆ ದಾಟಿಸಿದ್ವು. ಸಲಹೆ ಕೊಟ್ಟಿದ್ದೀನಿ ಅಂತ ಲಾಯರ್ ಸರ್ಟಿಫಿಕೇಟ್ ಕೊಟ್ರೆ ಮುಗೀತು! ಸಲಹೆ ನಿಜಕ್ಕೂ ಸಿಕ್ತಾ ಅಂತ ಕೇಸುಗಳು ರಾಶಿ ಬಿದ್ದು, 2001ರಲ್ಲಿ ಎಟ್ರಿಜ್ ಅನ್ನೋ ಹೆಸರಲ್ಲಿ ಎಂಟು ಅಪೀಲು ಒಟ್ಟಿಗೆ ತೀರ್ಮಾನ ಆದ್ವು. ಗಂಡ ಇಲ್ದಾಗ ಲಾಯರ್ ಹೆಂಡತಿ ಜೊತೆ ಮುಖಾಮುಖಿ ಕೂರ್ಬೇಕು, ಮನೆ ಹೋಗ್ಬಹುದು ಅಂತ ಸರಳ ಭಾಷೆಲಿ ಹೇಳ್ಬೇಕು, ಬೇಡ ಅನ್ನೋ ಹಕ್ಕು ಇದೆ ಅಂತ್ಲೂ ಹೇಳ್ಬೇಕು. ಈಗಿನ ಸಾಲ ಎಷ್ಟು, ಹೊಸ ಸಾಲ ಯಾಕೆ ಅನ್ನೋ ಲೆಕ್ಕ ಬ್ಯಾಂಕೇ ಆ ಲಾಯರ್‌ಗೆ ಕೊಡ್ಬೇಕು, ಇದು ನನ್ನ ಪ್ರಕಾರ ತೀರ್ಪಿನ ಜೀವಾಳ, ಯಾಕಂದ್ರೆ ಲೆಕ್ಕ ಗೊತ್ತಿಲ್ದೋರು ಏನಂತ ಸಲಹೆ ಕೊಡ್ತಾರೆ? ಹೆಂಡತಿಗೆ ಅಂತ ಶುರುವಾದ ರಕ್ಷಣೆ ವ್ಯಾಪಾರದ ಸಂಬಂಧ ಇಲ್ದೇ ಜಾಮೀನು ನಿಲ್ಲೋ ಎಲ್ರಿಗೂ ಸಿಕ್ತು.

ಒಂದು ಸಡಿಲು ಮಾತ್ರ ಉಳೀತು. ಅದೇ ಲಾಯರ್ ಗಂಡನ ಪರವಾಗೂ ಕೆಲಸ ಮಾಡ್ತಿರ್ಬಹುದು, ಕಾನೂನು ತಡೆಯಲ್ಲ. ಲಾಯರ್ ತಪ್ಪು ಸಲಹೆ ಕೊಟ್ಟಿದ್ರೂ ಸಾಮಾನ್ಯವಾಗಿ ಬ್ಯಾಂಕ್ ಕೈಲಿರೋ ಪತ್ರ ಗಟ್ಟಿ, ಸೈನ್ ಹಾಕಿದೋರು ಲಾಯರ್ ಮೇಲೆ ಬೇರೆ ಕೇಸು ಹಾಕ್ಬೇಕು, ಅಷ್ಟೊತ್ತಿಗೆ ಮನೆಯೇ ಕೈಬಿಟ್ಟಿರಬಹುದು.

2025ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಇಡ್ತು. ಜೋಡಿಯಾಗಿರೋ ಇಬ್ಬರೂ ಸೇರಿ ತಗೊಂಡ ಸಾಲದಲ್ಲೂ ಒಂದು ಭಾಗ ಒಬ್ಬರ ಹಳೇ ಸಾಲ ತೀರಿಸೋಕೆ ಹೋಗ್ತಿದ್ರೆ, ಅದು ತೀರಾ ಚಿಲ್ಲರೆ ಮೊತ್ತ ಅಲ್ದೇ ಇದ್ರೆ, ಬ್ಯಾಂಕ್ ಅಲ್ಲೂ ಹುಷಾರಾಗ್ಬೇಕು.